ಗೋಡೆಯ ಮೇಲಣ ಹರಳು

‘ವಿಜ್ಞಾನ: ವರವೋ ಶಾಪವೋ?’ ಎಂಬ ಪ್ರಬಂಧದ ವಿಷಯವನ್ನು ಮೊದಲು ಕಂಡುಹಿಡಿದ ಮಹಾನುಭಾವರು ಯಾರೋ ತಿಳಿಯದು. ನನ್ನ ತಂದೆ ಓದುವಾಗಲೂ ಅದು ಇತ್ತು; ನಾನು ಓದುವಾಗಲೂ ಇತ್ತು; ಈಗ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿಕೊಂಡು ಕೂತರೂ ಅದೇ ಎದುರಾಗುತ್ತದೆ. ಯಂತ್ರಗಳು ಬದಲಾದವು, ಪ್ರಶ್ನೆ ಬದಲಾಗಲಿಲ್ಲ. ಉತ್ತರವೂ ಹೆಚ್ಚು ಬದಲಾದಂತಿಲ್ಲ. ವರದ ಪಟ್ಟಿಯಲ್ಲಿ ವಿದ್ಯುದ್ದೀಪ, ವಿಮಾನ, ಸಿಡುಬಿನ ಲಸಿಕೆ; ಶಾಪದ ಪಟ್ಟಿಯಲ್ಲಿ ಮೊದಲು ಅಣುಬಾಂಬು, ಅದರ ಮಗ್ಗುಲಲ್ಲೇ ಡಿ.ಡಿ.ಟಿ. ಕೊನೆಗೆ, ‘ಎಲ್ಲವೂ ಮನುಷ್ಯನ ಕೈಯಲ್ಲಿದೆ’ ಎಂದು ಬರೆದು ಮಕ್ಕಳು ಪೆನ್ನು ಮುಚ್ಚುತ್ತಾರೆ. ನಾನೂ ಹತ್ತಕ್ಕೆ ಆರೋ ಏಳೋ ಹಾಕಿ ಮುಂದಿನ ಹಾಳೆಗೆ ಹೋಗುತ್ತೇನೆ.

ಆದರೆ ಆ ಡಿ.ಡಿ.ಟಿ. ಎಂಬ ಮೂರಕ್ಷರದ ಹತ್ತಿರ ಬಂದಾಗ ನನ್ನ ಕೆಂಪು ಪೆನ್ನು ಒಂದು ಗಳಿಗೆ ತಡೆಯುತ್ತದೆ. ಮಕ್ಕಳು ಬರೆದದ್ದು ಸುಳ್ಳೆಂದಲ್ಲ. ಹದ್ದುಗಳ ಮೊಟ್ಟೆಯ ಚಿಪ್ಪು ತೆಳುವಾದದ್ದು ನಿಜ, ತಾಯಿಯ ಹಾಲಿನಲ್ಲೂ ಅದರ ಅಂಶ ಸಿಕ್ಕಿದ್ದು ನಿಜ. ಆದರೆ ಆ ಬಿಳಿಯ ಪುಡಿ ಒಂದು ಕಾಲದಲ್ಲಿ ಶಿರಸಿ ಸಿದ್ದಾಪುರಗಳ ಮಣ್ಣಿನ ಗೋಡೆಗಳ ಮೇಲೆ ಬೀಳದೆ ಹೋಗಿದ್ದರೆ ನನ್ನ ಅಜ್ಜಿ ಅಜ್ಜಿಯಾಗುವ ತನಕ ಬದುಕಿರುತ್ತಿದ್ದಳೆಂದು ಯಾರೂ ಮುಚ್ಚಳಿಕೆ ಬರೆದುಕೊಡುವಂತಿರಲಿಲ್ಲ. ಅಜ್ಜಿ ಇಲ್ಲದಿದ್ದರೆ ನಾನಿಲ್ಲ. ನಾನಿಲ್ಲದಿದ್ದರೆ ಈ ಮಕ್ಕಳಿಗೆ ಏಳು ಅಂಕ ಹಾಕಲು ಬೇರೆ ಯಾರಾದರೂ ಸಿಗುತ್ತಿದ್ದರು, ಅದು ಬೇರೆ ಮಾತು.

ಈ ವಿಚಾರವನ್ನು ನಾನು ಹೀಗೇ ಮನಸ್ಸಿನ ಮೂಲೆಯಲ್ಲಿ ಇಟ್ಟುಕೊಂಡಿದ್ದೆ. ಅದನ್ನು ಕೆದಕಿದವರು ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರು. ಅಧ್ಯಾಪಕರ ಕೋಣೆಯಲ್ಲಿ ನಮ್ಮಿಬ್ಬರ ಕುರ್ಚಿಗಳೂ ಪಕ್ಕಪಕ್ಕದಲ್ಲೇ. ಒಂದು ಮಧ್ಯಾಹ್ನ ಬುತ್ತಿಯ ಡಬ್ಬಿಯನ್ನು ಮುಚ್ಚುತ್ತ, “ಸಾರ್, ಡಿ.ಡಿ.ಟಿ.ಗೆ ಎರಡು ಬಗೆಯ ಹರಳು ಇದೆ, ಗೊತ್ತೇ?” ಎಂದರು. “೧೯೩೯ರಿಂದ ಜಗತ್ತೆಲ್ಲ ಅದನ್ನು ಚೆಲ್ಲಾಡಿತು. ಎರಡನೆಯ ಹರಳನ್ನು ಕಂಡದ್ದು ಮಾತ್ರ ೨೦೧೭ರಲ್ಲಿ. ಅದೂ ಎಂಥದು! ಹಳೆಯದಕ್ಕಿಂತ ಬೇಗ ಕೊಲ್ಲುವುದು.”

ನಾನು ಕೈ ತೊಳೆಯುವುದನ್ನೂ ಮರೆತು ಕೇಳುತ್ತ ಕೂತೆ.

ಡಿ.ಡಿ.ಟಿ.ಯ ಕಥೆ ಹಳೆಯದು. ೧೮೭೪ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಒಥ್ಮಾರ್ ಸೈಡ್ಲರ್ ಎಂಬ ತರುಣ ಸಂಶೋಧಕ ಅದನ್ನು ಮೊದಲು ತಯಾರಿಸಿದ. ಏತಕ್ಕೆ ಬರುತ್ತದೆಂಬುದು ಅವನಿಗೂ ತಿಳಿಯಲಿಲ್ಲ, ಅವನ ಗುರುಗಳಿಗೂ ತಿಳಿಯಲಿಲ್ಲ. ಅರವತ್ತೈದು ವರ್ಷ ಅದು ಪುಸ್ತಕದೊಳಗೆ ನಿದ್ರೆ ಮಾಡಿತು. ೧೯೩೯ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದ ಗೈಗಿ ಸಂಸ್ಥೆಯಲ್ಲಿ ಕೆಲಸಮಾಡುತ್ತಿದ್ದ ಪೌಲ್ ಮ್ಯುಲ್ಲರ್, ನೂರಾರು ವಸ್ತುಗಳನ್ನು ಒಂದೊಂದಾಗಿ ನೊಣಗಳ ಮೇಲೆ ಪರೀಕ್ಷಿಸುತ್ತ ಇದರ ಬಳಿ ಬಂದರು. ನೊಣಗಳು ಸತ್ತವು. ಅದೇನೂ ದೊಡ್ಡದಲ್ಲ, ಸಾಯಿಸುವ ವಸ್ತುಗಳಿಗೆ ಲೋಕದಲ್ಲಿ ಎಂದೂ ಬರಗಾಲವಿಲ್ಲ. ವಿಚಿತ್ರವೆಂದರೆ, ಪಂಜರವನ್ನು ಚೆನ್ನಾಗಿ ತೊಳೆದು ಹೊಸ ನೊಣಗಳನ್ನು ಬಿಟ್ಟರೆ ಅವೂ ಸತ್ತವು. ಕೊನೆಗೆ ಪಂಜರವನ್ನು ಬಿಡಿಬಿಡಿಯಾಗಿ ಕಳಚಿ, ತೊಳೆದು, ಸುಮಾರು ಒಂದು ತಿಂಗಳು ಗಾಳಿಗೆ ಇಟ್ಟ ಮೇಲೆಯೇ ಬೇರೆ ಪ್ರಯೋಗಕ್ಕೆ ಅದು ಬಂದದ್ದು. ಎಸೆದ ಬಾಣ ಗುರಿ ಮುಟ್ಟಿದ ಮೇಲೆ ನೆಲಕ್ಕೆ ಬೀಳುವುದು ಲೋಕರೂಢಿ. ಈ ಬಾಣವೋ ಗೋಡೆಯಲ್ಲೇ ನಾಟಿಕೊಂಡು ಮುಂದಿನ ಬೇಟೆಯನ್ನು ಕಾಯುತ್ತಿತ್ತು! ಮ್ಯುಲ್ಲರ್ ಅವರಿಗೆ ೧೯೪೮ರಲ್ಲಿ ನೊಬೆಲ್ ಬಹುಮಾನ ಬಂತು. ಅವರು ವೈದ್ಯರಲ್ಲ, ಬಂದದ್ದು ವೈದ್ಯಶಾಸ್ತ್ರದ ಬಹುಮಾನ. ಅಷ್ಟು ಹೊತ್ತಿಗೆ ನೇಪಲ್ಸ್ ನಗರದಲ್ಲಿ ೧೯೪೩-೪೪ರ ಚಳಿಗಾಲದ ಟೈಫಸ್ ಜ್ವರವನ್ನು, ಹತ್ತು ಲಕ್ಷಕ್ಕೂ ಮಿಕ್ಕ ಜನರ ಬಟ್ಟೆಯೊಳಕ್ಕೆ ಈ ಪುಡಿಯನ್ನು ಊದಿ, ಹೇನುಗಳನ್ನು ಕೊಂದು ತಡೆದಿದ್ದರು.

ಸೊಳ್ಳೆಯ ವಿಷಯದಲ್ಲಿ ಗೋಡೆಯೇ ಮುಖ್ಯ. ರಾತ್ರಿ ಮನುಷ್ಯನ ರಕ್ತ ಕುಡಿದ ಹೆಣ್ಣು ಸೊಳ್ಳೆ ಹೊಟ್ಟೆ ಭಾರವಾಗಿ ಹೆಚ್ಚು ದೂರ ಹಾರಲಾರದು. ಹತ್ತಿರದ ಗೋಡೆಯ ಮೇಲೆಯೇ ಕೂತು, ಮದುವೆಯ ಊಟ ಮುಗಿಸಿದ ನೆಂಟರಂತೆ, ಜೀರ್ಣಿಸಿಕೊಳ್ಳುತ್ತದೆ. ಅದರ ಹೊಟ್ಟೆಯೊಳಗೆ ಹೊಕ್ಕ ಮಲೇರಿಯಾದ ಕ್ರಿಮಿ ಬೆಳೆದು ಇನ್ನೊಬ್ಬರಿಗೆ ಅಂಟುವ ಸ್ಥಿತಿಗೆ ಬರಲು ಹತ್ತು ದಿನವಾದರೂ ಬೇಕು. ಆ ಹತ್ತು ದಿನದಲ್ಲಿ ಅದು ಎಷ್ಟೋ ಸಲ ಗೋಡೆಯ ಮೇಲೆ ಕೂರುತ್ತದೆ. ಒಂದು ಸಲ ಕಾಲಿಗೆ ವಿಷ ಸೋಂಕಿದರೆ ಸಾಕು, ಸರಪಳಿ ಕಡಿಯಿತು. ಊರಿನ ಸೊಳ್ಳೆಯನ್ನೆಲ್ಲ ಕೊಲ್ಲಬೇಕಾಗಿಲ್ಲ. ಮನೆಯೊಳಗೆ ಬಂದು ಉಂಡು ಕೂರುವುದನ್ನು ಕೊಂದರೆ ಆಯಿತು.

ನಮ್ಮ ಅಜ್ಜಿಯ ತವರು ಸಿದ್ದಾಪುರದ ಕಡೆಯ ಒಂದು ಅಡಿಕೆ ತೋಟದ ಮನೆ. ತೋಟವೆಂದರೆ ಎರಡು ಗುಡ್ಡಗಳ ನಡುವಣ ಕಣಿವೆ, ಕಣಿವೆಯ ನಡುವೆ ತಿಳಿನೀರಿನ ಹಳ್ಳ. ಕವಿಗಳಿಗೆ ಅದು ಕಲಕಲ ನಿನಾದ. ಅನಾಫಿಲಿಸ್ ಫ್ಲುವಿಯಾಟಿಲಿಸ್ ಎಂಬ ಸೊಳ್ಳೆಗೆ ಅದೇ ಹೆರಿಗೆಮನೆ. ಕೊಳಚೆ ನೀರು ಅದಕ್ಕೆ ಸೇರದು. ಮೆಲ್ಲಗೆ ಹರಿಯುವ ಶುಭ್ರವಾದ ನೀರೇ ಬೇಕು. ಮಲೆನಾಡಿನ ಚೆಲುವು ಯಾವುದೋ ಮಲೆನಾಡಿನ ಜ್ವರದ ಮೂಲವೂ ಅದೇ ಆಗಿತ್ತು. ಮಕ್ಕಳ ಹೊಟ್ಟೆಯ ಎಡಭಾಗದಲ್ಲಿ ಗುಲ್ಮ ಬೆಳೆದು ಕೈಗೆ ಕಲ್ಲಿನಂತೆ ಸಿಗುತ್ತಿತ್ತಂತೆ. ಬಯಲುಸೀಮೆಯವರು ಮಲೆನಾಡಿಗೆ ಹೆಣ್ಣು ಕೊಡಲು ಹಿಂದೆಗೆಯುತ್ತಿದ್ದರು. ಅಜ್ಜಿಯ ಒಡಹುಟ್ಟಿದವರು ಏಳು ಜನ. ಅವಳು ಲಂಗ ಬಿಟ್ಟು ಸೀರೆ ಉಡುವ ಹೊತ್ತಿಗೆ ಉಳಿದವರು ಮೂವರು. “ಚಳಿಜ್ವರ ಅಂದ್ರೆ ಮನೆಗೆ ಬರೋ ನೆಂಟ ಅಲ್ಲ ಮಾರಾಯ, ಮನೇಲೇ ಇರೋ ಯಜಮಾನ,” ಎನ್ನುತ್ತಿದ್ದಳು. ದಿನ ಬಿಟ್ಟು ದಿನ, ಗಡಿಯಾರ ನೋಡಿದ ಹಾಗೆ, ನಡುಕ ಬರುತ್ತಿತ್ತು. ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಹೊದಿಸಿ ಅದರ ಮೇಲೆ ಇನ್ನೊಬ್ಬರು ಒರಗಿಕೊಳ್ಳುತ್ತಿದ್ದರಂತೆ.

ಎರಡನೆಯ ಮಹಾಯುದ್ಧ ಮುಗಿದ ಬೆನ್ನಿಗೇ, ೧೯೪೬ರ ಹೊತ್ತಿಗೆ, ಆಗಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಯೊಳಗಿನ ಗೋಡೆಗೆ ಡಿ.ಡಿ.ಟಿ. ಸಿಂಪಡಿಸುವ ದೊಡ್ಡ ಪ್ರಯೋಗ ನಡೆಯಿತು. ನಡೆಸಿದವರು ಡಿ. ಕೆ. ವಿಶ್ವನಾಥನ್ ಎಂಬ ವೈದ್ಯಾಧಿಕಾರಿ ಮತ್ತು ಅವರ ಸಂಗಡಿಗರು. ನಮ್ಮ ದೇಶದ ಹಳ್ಳಿಗಾಡಿನಲ್ಲಿ ಇಷ್ಟು ವಿಸ್ತಾರವಾಗಿ ಈ ಕೆಲಸ ನಡೆದ ಮೊದಮೊದಲ ಸೀಮೆಗಳಲ್ಲಿ ನಮ್ಮದೂ ಒಂದು. ಇದು ನಮ್ಮ ಪಠ್ಯಪುಸ್ತಕಗಳಲ್ಲಿ ಎಲ್ಲೂ ಇಲ್ಲ. ಕದಂಬರ ಶಾಸನಗಳಿವೆ, ಸೋದೆಯ ಅರಸರಿದ್ದಾರೆ. ಊರಿಗೆ ಊರೇ ಹಾಳುಬೀಳುವುದನ್ನು ತಪ್ಪಿಸಿದ ಪಿಚಕಾರಿಗೆ ಒಂದು ಸಾಲು ಜಾಗ ಸಿಕ್ಕಿಲ್ಲ.

ಅಜ್ಜಿ ಆಗ ಇನ್ನೂ ಹುಡುಗಿ. ಬಕೀಟು, ಪಂಪು ಹೊತ್ತ ಜನ ತೋಟ ಇಳಿದು ಬಂದದ್ದನ್ನು ಅವಳು ಕೊನೆಯ ತನಕ ಮರೆಯಲಿಲ್ಲ. ದೇವರ ಕೋಣೆಗೆ ಅವರನ್ನು ಬಿಡಬೇಕೋ ಬೇಡವೋ ಎಂದು ದೊಡ್ಡ ಚರ್ಚೆಯಾಯಿತಂತೆ. ಅಡಿಗೆಮನೆಯ ಪಾತ್ರೆಗಳೆಲ್ಲ ಅಂಗಳಕ್ಕೆ ಬಂದವು. ಗೋಡೆಯ ಮೇಲೆ ನೀರು ಆರಿದ ಮೇಲೆ ಬೂದಿ ಬಳಿದ ಹಾಗೆ ಬಿಳಿಯ ಕಲೆ ಉಳಿಯಿತು. ಮಾರನೆಯ ದಿನ ಹಾಸಿಗೆಯ ಸಂದಿನ ತಿಗಣೆಗಳೆಲ್ಲ ಸತ್ತುಬಿದ್ದಿದ್ದು ಕಂಡು ಹೆಂಗಸರು ಹರ್ಷಪಟ್ಟರು. ವಾರ ಕಳೆಯುವುದರಲ್ಲಿ ಮನೆಯ ಬೆಕ್ಕು ಸತ್ತಾಗ ಅದೇ ಹೆಂಗಸರು ಶಾಪ ಹಾಕಿದರು. ಅಂದರೆ ನಮ್ಮ ವಿದ್ಯಾರ್ಥಿಗಳ ಪ್ರಬಂಧವನ್ನು ಅವರು ಆಗಲೇ, ಹಾಳೆ ಪೆನ್ನು ಇಲ್ಲದೆ, ಬರೆದು ಮುಗಿಸಿದ್ದರು. ಮುಂದಿನ ವರ್ಷಗಳಲ್ಲಿ ಆ ಜನ ಮತ್ತೆ ಮತ್ತೆ ಬಂದರು. ಬಾಗಿಲ ಪಕ್ಕದಲ್ಲಿ ತಾರೀಖನ್ನು ಗೀಚಿ ಹೋಗುತ್ತಿದ್ದರು. ದೊಡ್ಡ ಹಬ್ಬ ಬಂತೆಂದರೆ ಅಜ್ಜಿಯೂ ಅವಳ ಅತ್ತಿಗೆಯೂ ಸೇರಿ ಗೋಡೆಗೆ ಕೆಮ್ಮಣ್ಣು ಸಾರಿಸಿ, ಅದರ ಮೇಲೆ ಶೇಡಿಯ ಎಳೆ ಬರೆಯುತ್ತಿದ್ದರು. ತಾರೀಖೂ ಹೋಯಿತು, ಬಿಳಿಯ ಕಲೆಯೂ ಹೋಯಿತು. ಸಿಂಪಡಿಸುವವರು ಬಂದು ನೋಡಿ ತಲೆ ತಲೆ ಚಚ್ಚಿಕೊಂಡರು. “ಕಲೆ ಬಿದ್ದ ಗೋಡೆ ಇಟ್ಟುಕೊಂಡು ಲಕ್ಷ್ಮೀಪೂಜೆ ಹೇಗೆ ಮಾಡೋದು, ನೀವೇ ಹೇಳಿ,” ಎಂದು ಇವಳ ವಾದ.

ಆ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಹರಳಿನ ವಿಷಯ ತಿಳಿದಾಗ ಅವಳು ಏನನ್ನು ಮುಚ್ಚಿಹಾಕುತ್ತಿದ್ದಳೆಂಬುದು ಗೊತ್ತಾಗುತ್ತದೆ.

ಡಿ.ಡಿ.ಟಿ. ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬೇಕು. ನೀರಿನಲ್ಲಿ ಕಲಸಿದ ಪುಡಿಯನ್ನು ಗೋಡೆಗೆ ಹೊಡೆದರೆ ನೀರು ಆರಿಹೋಗಿ ಸಣ್ಣ ಸಣ್ಣ ಹರಳುಗಳು ಗೋಡೆಗೆ ಅಂಟಿ ನಿಲ್ಲುತ್ತವೆ. ಚದರ ಮೀಟರಿಗೆ ಒಂದೇ ಒಂದು ಗ್ರಾಮು, ನಮ್ಮ ದೇಶದಲ್ಲಿ ಗೊತ್ತುಮಾಡಿದ ಪ್ರಮಾಣ. ಅಷ್ಟರಲ್ಲೇ ಎರಡೂವರೆ ಮೂರು ತಿಂಗಳು ಗೋಡೆ ಕಾವಲು ಕಾಯುತ್ತದೆ. ಮಣ್ಣಿನ ಗೋಡೆಯಾದರೆ ಆ ಹರಳನ್ನು ತಾನೇ ಮೆಲ್ಲಮೆಲ್ಲನೆ ಒಳಕ್ಕೆ ಹೀರಿಕೊಳ್ಳುವುದೂ ಉಂಟು. ಅದರ ಮೇಲೆ ಕೆಮ್ಮಣ್ಣನ್ನೂ ಬಳಿದರೆ ಸೊಳ್ಳೆಯ ಕಾಲಿಗೂ ಹರಳಿಗೂ ನಡುವೆ ಪರದೆ ಎಳೆದಂತೆಯೇ ಸರಿ.

ಹರಳು ಎಂದರೇನು? ಮಿತ್ರರು ಹೇಳಿ ಸುಮ್ಮನಾಗುವವರಲ್ಲ, ತೋರಿಸುವವರು. ಪ್ರಯೋಗಶಾಲೆಗೆ ಕರೆದುಕೊಂಡು ಹೋಗಿ ಪಿಂಗಾಣಿಯ ಬಟ್ಟಲಿನಲ್ಲಿ ಗಂಧಕವನ್ನು ಕರಗಿಸಿದರು. ಆರಿಸಿ, ಮೇಲೆ ಕಟ್ಟಿದ ಕೆನೆಯಂಥ ಪದರವನ್ನು ಚುಚ್ಚಿ, ಒಳಗೆ ಇನ್ನೂ ದ್ರವವಾಗಿದ್ದುದನ್ನು ಚೆಲ್ಲಿದರು. ಪದರವನ್ನು ಎತ್ತಿ ನೋಡಿದರೆ ಒಳಗೆಲ್ಲ ಸೂಜಿ ಸೂಜಿಯಾಗಿ, ಪಾರದರ್ಶಕವಾಗಿ, ಸಂಪಗೆಯ ಎಸಳಿನ ಬಣ್ಣದ ಹರಳುಗಳು! ಎಷ್ಟು ಚೆಂದವಿತ್ತೆಂದರೆ ಕಿವಿಗೆ ಓಲೆ ಮಾಡಿಸಬಹುದೆನ್ನುವಂತಿತ್ತು. “ನಾಳೆ ಬಂದು ನೋಡಿ,” ಎಂದರು. ಮರುದಿನ ನೋಡಿದರೆ ಸೂಜಿಯ ಆಕಾರ ಹಾಗೇ ಇದೆ, ಕಣ್ಣು ಮಾತ್ರ ಪೊರೆ ಬಂದಂತೆ ಮಸುಕಾಗಿದೆ. ತೊಂಬತ್ತೈದು ಡಿಗ್ರಿಗೆ ಮೇಲ್ಪಟ್ಟ ಬಿಸಿಯಲ್ಲಿ ಗಂಧಕದ ಅಣುಗಳಿಗೆ ಸೂಜಿಯ ಹರಳಿನ ಜೋಡಣೆ ಹಿತ. ತಣ್ಣಗಾದ ಮೇಲೆ ಬೇರೊಂದು ಜೋಡಣೆ ಹಿತ. ರಾತ್ರಿಯೆಲ್ಲ ಅವು ಒಳಗೊಳಗೇ ಮಗ್ಗುಲು ಬದಲಿಸಿ ಹಳೆಯ ಜಾಗಕ್ಕೆ ಬಂದು ಕೂತಿದ್ದವು. ಗಂಧಕ ಅದೇ, ತೂಕ ಅದೇ. ಬದಲಾದದ್ದು ಕೂತ ಕ್ರಮ. ಸಕ್ಕರೆಗೂ ಕಲ್ಲುಸಕ್ಕರೆಗೂ ಇರುವ ಅಂತರ ಇದಲ್ಲ, ನೋಡಿ; ಅಲ್ಲಿ ಗಾತ್ರವಷ್ಟೇ ಬೇರೆ, ಒಳಗಿನ ಜೋಡಣೆ ಒಂದೇ. ಇಲ್ಲಿ ಜೋಡಣೆಯೇ ಬೇರೆ.

ಕನ್ನಡದ ಮೇಷ್ಟ್ರಿಗೆ ಇದು ಹೊಸತೇನಲ್ಲ. ಒಂದು ಗುರು, ಎರಡು ಲಘು ತೆಗೆದುಕೊಳ್ಳಿ. ಗುರು ಮೊದಲು ಬಂದರೆ ‘ತಾನನ’, ಭಗಣ. ಕೊನೆಗೆ ಬಂದರೆ ‘ನನತಾ’, ಸಗಣ. ನಡುವೆ ಬಂದರೆ ‘ನತಾನ’, ಜಗಣ. ಮೂರಕ್ಕೂ ಅಕ್ಷರ ಮೂರೇ, ಮಾತ್ರೆ ನಾಲ್ಕೇ. ತಕ್ಕಡಿಯಲ್ಲಿಟ್ಟು ತೂಗಿದರೆ ಒಂದೇ ತೂಕ. ಆದರೂ ಕಂದಪದ್ಯದ ವಿಷಮಸ್ಥಾನದಲ್ಲಿ ಜಗಣ ಬರಕೂಡದೆಂದು ಲಾಕ್ಷಣಿಕರು ಕಟ್ಟಪ್ಪಣೆ ಮಾಡಿದರು. ಏಕೆಂದರೆ ಜಗಣ ನೆಮ್ಮದಿಯಾಗಿ ಕೂರುವ ಗಣವಲ್ಲ. ಲಘುವಿನ ಮೇಲೆ ಕಾಲಿಟ್ಟೊಡನೆ ಗುರು ಎಡವಿಸುತ್ತದೆ. ಓದುವ ನಾಲಿಗೆ ಮುಂದಕ್ಕೆ ಮುಗ್ಗರಿಸುತ್ತದೆ. ಅದೇ ಲಾಕ್ಷಣಿಕರು ಆರನೆಯ ಗಣಕ್ಕೆ ಬಂದಾಗ, ಅಲ್ಲಿ ಜಗಣವೋ ಸರ್ವಲಘುವೋ ಇರಲೇಬೇಕೆಂದರು. ಎಡವುವ ಗುಣವೇ ಅಲ್ಲಿ ಬೇಕು. ಇದನ್ನು ನಾನು ಹೇಳಿದಾಗ ರಸಾಯನಶಾಸ್ತ್ರದವರು, “ಹಾಗಾದರೆ ಡಿ.ಡಿ.ಟಿ.ಯ ಎರಡನೆಯ ಹರಳು ನಿಮ್ಮ ಜಗಣ,” ಎಂದು ನಕ್ಕರು.

ಅದನ್ನು ಕಂಡವರು ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಬಾರ್ಟ್ ಕಾರ್ ಮತ್ತು ಮೈಕೇಲ್ ವಾರ್ಡ್ ಎಂಬ ರಸಾಯನಶಾಸ್ತ್ರಜ್ಞರ ತಂಡದವರು. ಅವರ ಆಸಕ್ತಿ ಇದ್ದುದು ಸೊಳ್ಳೆಯಲ್ಲಲ್ಲ. ಹರಳುಗಳು ಬೆಳೆಯುವ ರೀತಿಯಲ್ಲಿ. ಡಿ.ಡಿ.ಟಿ.ಯನ್ನು ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದಾಗ ಈತನಕ ಯಾರೂ ದಾಖಲುಮಾಡದ ಇನ್ನೊಂದು ಹರಳು ಕಾಣಿಸಿಕೊಂಡಿತು. ಅದು ಹಳೆಯದರಷ್ಟು ಸ್ಥಿರವಲ್ಲ. ನೊಣಗಳನ್ನು ಬಿಟ್ಟು ನೋಡಿದರೆ, ಆ ಅಸ್ಥಿರವಾದದ್ದೇ ಬೇಗ ಕೊಂದಿತು.

ಏಕೆ ಎಂಬುದಕ್ಕೆ ನೊಣದ ಕಾಲಿನವರೆಗೆ ಬಗ್ಗಿ ನೋಡಬೇಕು. ಡಿ.ಡಿ.ಟಿ.ಯ ಒಂದು ಅಣುವಿನಲ್ಲಿ ಇಂಗಾಲದ ಹದಿನಾಲ್ಕು, ಜಲಜನಕದ ಒಂಬತ್ತು, ಕ್ಲೋರಿನ್ನಿನ ಐದು ಪರಮಾಣುಗಳು. ನಡುವೆ ಒಂದು ಗಂಟು. ಅದರಿಂದ ಚಾಚಿದ ಎರಡು ಉಂಗುರಗಳು, ಉಂಗುರದ ತುದಿಗೊಂದೊಂದು ಕ್ಲೋರಿನ್. ಗಂಟಿನ ಇನ್ನೊಂದು ಕಡೆ ಉಳಿದ ಮೂರು ಕ್ಲೋರಿನ್ನಿನ ಗೊಂಚಲು. ಹರಳಿನಲ್ಲಿ ಇಂಥ ಕೋಟ್ಯಂತರ ಅಣುಗಳು ಒಂದರ ಸಂದಿಗೆ ಒಂದು ತೋಳು ಸೇರಿಸಿಕೊಂಡು ಕೂತಿರುತ್ತವೆ. ಹರಳು ಇಡಿಯಾಗಿ ನೊಣದ ಮೈಯೊಳಕ್ಕೆ ಹೋಗಲಾರದು. ನೊಣದ ಕಾಲಿನ ಮೇಲೆ ಮೇಣದಂಥ ಲೇಪವಿದೆ. ನೀರಿಗೆ ಒಲ್ಲದ ಈ ಅಣುವಿಗೆ ಮೇಣವೆಂದರೆ ಅಕ್ಕರೆ. ಒಂದೊಂದೇ ಅಣು ಹರಳಿನ ಬಳಗವನ್ನು ಬಿಟ್ಟು ಮೇಣಕ್ಕೆ ದಾಟಿ, ಅಲ್ಲಿಂದ ಒಳಕ್ಕೆ ಇಳಿಯಬೇಕು. ಮನುಷ್ಯನ ಚರ್ಮ ಒಣಪುಡಿಯನ್ನು ಅಷ್ಟು ಸುಲಭವಾಗಿ ಒಳಕ್ಕೆ ಬಿಟ್ಟುಕೊಳ್ಳದು. ನೇಪಲ್ಸಿನ ಜನ ಉಳಿದು ಹೇನು ಸತ್ತದ್ದರ ಗುಟ್ಟಿನಲ್ಲಿ ಇದೂ ಒಂದು.

ಹೀಗಾಗಿ ಹರಳೆಂಬುದು ಒಂದು ಕಣಜ. ಅಣುಗಳು ಹಿತವಾಗಿ, ಬಿಗಿಯಾಗಿ ಕೂತ ಕಣಜ ಜಿಪುಣನ ಕಣಜ. ಕಾಳು ಬಿಡಲು ಹಿಂದುಮುಂದು ನೋಡುತ್ತದೆ. ಅಷ್ಟು ಹಿತವಿಲ್ಲದೆ ಕೂತ ಕಣಜದಿಂದ ಕಾಳು ತಾನಾಗಿಯೇ ಉದುರುತ್ತದೆ. ನೊಣ ಕಾಲಿಟ್ಟ ಅಷ್ಟೇ ಹೊತ್ತಿನಲ್ಲಿ ಮೊದಲನೆಯದು ಹತ್ತು ಅಣು ಕೊಟ್ಟರೆ ಎರಡನೆಯದು ಅದಕ್ಕಿಂತ ಹೆಚ್ಚು ಕೊಡುತ್ತದೆ. ಹತ್ತು ಎಂಬುದು ನನ್ನ ಲೆಕ್ಕ, ಹೋಲಿಕೆಗಾಗಿ.

ಒಳಕ್ಕೆ ಹೋದ ಮೇಲೆ ಎರಡು ಹರಳಿಗೂ ಭೇದವಿಲ್ಲ, ಅಣು ಒಂದೇ ತಾನೆ. ಅದು ನರಕ್ಕೆ ಹೋಗುತ್ತದೆ. ನರದ ಗೋಡೆಯಲ್ಲಿ ಸೋಡಿಯಂ ಒಳಬರಲು ಸಣ್ಣ ಸಣ್ಣ ದಿಡ್ಡಿಬಾಗಿಲುಗಳಿವೆ. ಸಂದೇಶ ಹಾಯುವಾಗ ಬಾಗಿಲು ತೆರೆಯುತ್ತದೆ, ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಮುಚ್ಚುತ್ತದೆ. ಮುಚ್ಚಿದರೇ ಮುಂದಿನ ಸಂದೇಶಕ್ಕೆ ಅರ್ಥ. ಡಿ.ಡಿ.ಟಿ. ಆ ಬಾಗಿಲಿಗೆ ಕಾಲು ಒಡ್ಡಿ ನಿಲ್ಲುತ್ತದೆ. ಬಾಗಿಲು ಮುಚ್ಚದೆ ಸಂದೇಶದ ಮೇಲೆ ಸಂದೇಶ, ಒಂದೇ ಕೂಗು ನೂರು ಸಲ. ಕಾಲು ನಡುಗುತ್ತದೆ, ರೆಕ್ಕೆ ಅದುರುತ್ತದೆ, ನೊಣ ಬೆನ್ನ ಮೇಲೆ ಬಿದ್ದು ಆರು ಕಾಲನ್ನೂ ಆಡಿಸುತ್ತ ಸೋತು ಸಾಯುತ್ತದೆ. ಇದನ್ನು ಕೇಳುವಾಗ ನನಗೆ ಅಜ್ಜಿ ಹೇಳಿದ ಕಂಬಳಿಯ ಕೆಳಗಿನ ನಡುಕ ನೆನಪಾಯಿತು. ನಡುಗಿಸುತ್ತಿದ್ದುದು ನಡುಗಿತು ಎಂದು ಸಮಾಧಾನಪಟ್ಟುಕೊಳ್ಳುವಷ್ಟು ಕ್ರೂರ ನಾನಲ್ಲ. ಆದರೂ ನೆನಪಾದದ್ದು ನಿಜ.

ದೇಶದ ಲೆಕ್ಕ ಎಲ್ಲರಿಗೂ ತಿಳಿದಿರಲಾರದು, ಅದನ್ನಿಷ್ಟು ಹೇಳುತ್ತೇನೆ. ೧೯೫೩ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದಾಗ ಭಾರತದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಜ್ವರ, ಎಂಟು ಲಕ್ಷ ಸಾವು ಎಂದು ಅಂದಾಜು. ೧೯೬೦ರ ದಶಕದ ನಡುವಿನ ಹೊತ್ತಿಗೆ ಜ್ವರದ ಸಂಖ್ಯೆ ಒಂದು ಲಕ್ಷದ ಆಸುಪಾಸಿಗೆ ಇಳಿಯಿತು. ಇಂಥ ಗೆಲುವು ರೋಗದ ಚರಿತ್ರೆಯಲ್ಲಿ ಅಪರೂಪ. ಆಮೇಲೆ ಸೊಳ್ಳೆಗಳು ಪಾಠ ಕಲಿತವು. ಕೆಲವಕ್ಕೆ ಆ ವಿಷವನ್ನು ಮುರಿಯುವ ಕಿಣ್ವ ಹೆಚ್ಚಿತು. ಕೆಲವು ಕೀಟಗಳಲ್ಲಿ ದಿಡ್ಡಿಬಾಗಿಲಿನ ಆಕಾರವೇ ಬದಲಾಗಿ ಒಡ್ಡಿದ ಕಾಲು ಜಾರತೊಡಗಿತು. ೧೯೭೬ರಲ್ಲಿ ಜ್ವರ ಮತ್ತೆ ಅರವತ್ತನಾಲ್ಕು ಲಕ್ಷಕ್ಕೆ ಏರಿತು.

ಸೊಳ್ಳೆಗಳಿಗೆ ಪಾಠ ಹೇಳಿಕೊಟ್ಟವರಲ್ಲಿ ಗೋಡೆಗೆ ಸಿಂಪಡಿಸಿದವರಿಗಿಂತ ಹೊಲಕ್ಕೆ ಸುರಿದವರ ಪಾಲು ದೊಡ್ಡದೆಂದು ನನ್ನ ಎಣಿಕೆ. ಮನೆಯ ಗೋಡೆಗೆ ಬೇಕಾದದ್ದು ಚದರ ಮೀಟರಿಗೆ ಗ್ರಾಮು. ಹತ್ತಿಯ ಹೊಲಗಳಿಗೆ ವಿಮಾನದಲ್ಲಿ ತಂದು ಮಳೆಗರೆದರು. ಈ ಅಣು ಬಿಸಿಲಿಗಾಗಲಿ ಮಣ್ಣಿನ ಸೂಕ್ಷ್ಮಜೀವಿಗಳಿಗಾಗಲಿ ಸುಲಭವಾಗಿ ಒಡೆಯುವುದಿಲ್ಲ. ಇದು ಹರಳಿನ ಗುಣವಲ್ಲ, ಅಣುವಿನ ಹುಟ್ಟುಗುಣ. ಮೀನಿನ ಕೊಬ್ಬಿಗೆ ಹೋಯಿತು, ಮೀನಿನಿಂದ ಹಕ್ಕಿಗೆ ಹೋಯಿತು, ಒಂದು ಮೆಟ್ಟಿಲಿಗಿಂತ ಮುಂದಿನ ಮೆಟ್ಟಿಲಲ್ಲಿ ಹೆಚ್ಚು ಕೂಡಿಬಿತ್ತು. ರೇಚಲ್ ಕಾರ್ಸನ್ ೧೯೬೨ರಲ್ಲಿ ಬರೆದ ‘ಸೈಲೆಂಟ್ ಸ್ಪ್ರಿಂಗ್’ ಪುಸ್ತಕ ಲೋಕದ ಕಣ್ಣು ತೆರೆಸಿತು. ಅಮೆರಿಕ ೧೯೭೨ರಲ್ಲಿ ಡಿ.ಡಿ.ಟಿ.ಯನ್ನು ನಿಷೇಧಿಸಿತು, ನಮ್ಮಲ್ಲಿ ೧೯೮೯ರಲ್ಲಿ ಬೇಸಾಯಕ್ಕೆ ಬಳಸಕೂಡದೆಂದಾಯಿತು. ೨೦೦೪ರಲ್ಲಿ ಜಾರಿಗೆ ಬಂದ ಸ್ಟಾಕ್‌ಹೋಮ್ ಒಪ್ಪಂದವೂ ರೋಗ ಹರಡುವ ಕೀಟಗಳ ಮಟ್ಟಿಗೆ ಮಾತ್ರ ವಿನಾಯಿತಿ ಇಟ್ಟಿತು.

ನನ್ನನ್ನು ಕಾಡುವ ಸಂಗತಿ ಬೇರೆ. ೧೯೩೯ರಿಂದ ೨೦೧೭ಕ್ಕೆ ಎಪ್ಪತ್ತೆಂಟು ವರ್ಷ. ಆ ಎಪ್ಪತ್ತೆಂಟು ವರ್ಷದಲ್ಲಿ ಇದರಷ್ಟು ಚರ್ಚೆಗೆ ಬಂದ ರಾಸಾಯನಿಕ ಇನ್ನೊಂದಿರಲಾರದು. ಇದನ್ನು ಹೊಗಳಿ ಬರೆದರು, ತೆಗಳಿ ಬರೆದರು, ಕಾನೂನು ಮಾಡಿದರು, ಮೊಕದ್ದಮೆ ಹೂಡಿದರು. ಹೆಚ್ಚು ಸಾಯಬೇಕಾದರೆ ಹೆಚ್ಚು ಸುರಿಯಬೇಕು ಎಂಬುದನ್ನು ಎಲ್ಲರೂ ಒಪ್ಪಿಕೊಂಡರು. ಸುರಿದದ್ದು ಯಾವ ಹರಳಾಗಿ ಕೂತಿದೆ, ಬೇರೆ ಬಗೆಯಾಗಿ ಕೂತೀತೇ, ಕೂತರೆ ಕಡಿಮೆಯಲ್ಲಿ ಕೆಲಸವಾದೀತೇ ಎಂದು ಒಬ್ಬರೂ ಬಟ್ಟಲನ್ನು ಕಾಯಿಸಿ ಆರಿಸಿ ಉತ್ತರ ಹೇಳಲಿಲ್ಲ. ಎಕ್ಸ್ ಕಿರಣಗಳಿಂದ ಹರಳಿನ ಒಳಜೋಡಣೆಯನ್ನು ನೋಡುವ ವಿದ್ಯೆ ೧೯೧೨-೧೩ರಿಂದಲೇ ಲೋಕಕ್ಕೆ ತಿಳಿದಿತ್ತು. ಸಾಧನ ಇರಲಿಲ್ಲವೆನ್ನುವಂತಿಲ್ಲ. ಯುದ್ಧದ ಅವಸರ, ಜ್ವರದ ಅವಸರ ಎಂದರೆ ಒಪ್ಪುತ್ತೇನೆ. ಅಜ್ಜಿಯ ತಮ್ಮಂದಿರು ಸಾಯುತ್ತಿದ್ದಾಗ ಹರಳನ್ನು ತಿರುಗಿಸಿ ನೋಡುತ್ತ ಕೂರಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ೧೯೫೦ರ, ೬೦ರ ದಶಕಗಳ ಹತ್ತಿಯ ಹೊಲಕ್ಕೆ ಯಾವ ಅವಸರವಿತ್ತು? ಎರಡನೆಯ ಹರಳು ಆಗಲೇ ಸಿಕ್ಕಿದ್ದರೆ ಹದ್ದುಗಳೆಲ್ಲ ಉಳಿಯುತ್ತಿದ್ದವೆಂದು ನಾನು ಹೇಳಲಾರೆ. ಕಡಿಮೆಯಲ್ಲಿ ಆಗುವುದನ್ನು ತಿಳಿದೂ ಹೆಚ್ಚು ಸುರಿಯುವ ಜನ ನಾವು. ಕನಿಷ್ಠಪಕ್ಷ ಕೇಳಬೇಕಾದ ಪ್ರಶ್ನೆಯನ್ನು ಕೇಳಿದಂತಾಗುತ್ತಿತ್ತು.

ಹರಳು ತಿರುಗಿಬಿದ್ದರೆ ಏನಾಗುತ್ತದೆಂಬುದು ಔಷಧ ತಯಾರಿಸುವವರಿಗೆ ಮೊದಲೇ ಅನುಭವವಾಗಿತ್ತು. ಏಡ್ಸ್ ರೋಗಿಗಳಿಗೆ ಕೊಡುವ ರಿಟೊನಾವಿರ್ ಎಂಬ ಔಷಧದಲ್ಲಿ ೧೯೯೮ರಲ್ಲಿ, ಯಾರೂ ಕರೆಯದೆ, ಹೆಚ್ಚು ಸ್ಥಿರವಾದ ಹೊಸದೊಂದು ಹರಳು ಹುಟ್ಟಿಕೊಂಡಿತು. ಅದು ಸರಿಯಾಗಿ ಕರಗದು. ಕರಗದಿದ್ದರೆ ಮೈಗೆ ಹತ್ತದು. ಅಣು ಅದೇ, ಗುಣ ಮಾತ್ರ ಕುಗ್ಗಿತು. ಆ ಗುಳಿಗೆಯನ್ನು ಮಾರುಕಟ್ಟೆಯಿಂದ ವಾಪಸು ತೆಗೆದುಕೊಂಡು, ಹೊಸದಾಗಿ ತಯಾರಿಸಬೇಕಾಯಿತು. ಜಿಪುಣನ ಕಣಜ ಇಲ್ಲಿ ರೋಗಿಯ ಪಾಲಿಗೆ ಬಂದಿತ್ತು.

ನ್ಯೂಯಾರ್ಕಿನವರು ಡಿ.ಡಿ.ಟಿ.ಗೇ ನಿಲ್ಲಲಿಲ್ಲ. ಸೇವಂತಿಗೆಯ ಜಾತಿಯ ಪೈರೆತ್ರಮ್ ಹೂವಿನ ವಿಷವನ್ನು ಮಾದರಿಯಾಗಿಟ್ಟುಕೊಂಡು, ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ೧೯೭೪ರಲ್ಲಿ ಮೈಕೇಲ್ ಎಲಿಯಟ್ ಅವರು ರೂಪಿಸಿದ ಡೆಲ್ಟಾಮೆತ್ರಿನ್ ಎಂಬ ಇನ್ನೊಂದು ಕೀಟನಾಶಕವಿದೆ. ಸೊಳ್ಳೆಪರದೆಗಳಿಗೆ ಲೇಪಿಸುವ ಔಷಧಗಳಲ್ಲಿ ಅದೂ ಒಂದು. ಅದರ ಹರಳಿನ ಪುಡಿಯನ್ನು ೧೧೦ ಡಿಗ್ರಿಗೆ ಕೆಲವೇ ನಿಮಿಷ ಕಾಯಿಸಿ ತಣ್ಣಗಾಗಲು ಬಿಟ್ಟರು. ಒಂದು ಬಿಂದುವಿನಿಂದ ಸುತ್ತಲೂ ಚಾಚಿದ ನವಿರಾದ ಎಳೆಗಳ ಹೊಸ ಹರಳು ಕಟ್ಟಿತು. ಅನಾಫಿಲಿಸ್, ಈಡಿಸ್ ಎರಡೂ ಜಾತಿಯ ಸೊಳ್ಳೆಗಳ ಮೇಲೆ ನೋಡಿದರೆ ಹಳೆಯದಕ್ಕಿಂತ ಹನ್ನೆರಡು ಪಟ್ಟಿನವರೆಗೂ ಬೇಗ ಕೊಲ್ಲುತ್ತದೆ. ೨೦೨೦ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಹೊಸ ವಸ್ತುವನ್ನೇನೂ ಸೇರಿಸಿಲ್ಲ, ಕಾಯಿಸಿ ಆರಿಸಿದ್ದಷ್ಟೇ. ಪಾಕ ಹಿಡಿಯುವುದರಲ್ಲೇ ಎಲ್ಲ ಇದೆ ಎಂದು ಮೈಸೂರು ಪಾಕು ಮಾಡಿದವರಿಗೆ ಹೇಳಬೇಕಾಗಿಲ್ಲ.

ನಾನು ಕೇಳಿದ್ದು ಒಂದೇ ಪ್ರಶ್ನೆ. ಗಂಧಕದ ಸೂಜಿ ಒಂದೇ ರಾತ್ರಿಯಲ್ಲಿ ಮಸುಕಾದಂತೆ ಈ ಹೊಸ ಹರಳೂ ಹಳೆಯ ಜೋಡಣೆಗೆ ಮರಳದೇ? ಪ್ರಯೋಗಶಾಲೆಯಲ್ಲಿ ಮೂರು ತಿಂಗಳಾದರೂ ಅದು ಹಾಗೆಯೇ ನಿಂತಿತ್ತು ಎಂದರು ಮಿತ್ರರು.

“ಪ್ರಯೋಗಶಾಲೆ ಇರಲಿ, ಸಾರ್. ಕೆಮ್ಮಣ್ಣಿನ ಗೋಡೆಯ ಮೇಲೆ ಎಷ್ಟು ದಿನ ನಿಂತೀತು?”

ಅವರು ಲೆಕ್ಕ ಹಾಕುವವರಂತೆ ಸ್ವಲ್ಪ ಹೊತ್ತು ಸೂರು ನೋಡಿದರು. “ನಿಮ್ಮ ಅಜ್ಜಿ ದೊಡ್ಡ ಹಬ್ಬಕ್ಕೆ ಗೋಡೆ ಸಾರಿಸೋ ತನಕ,” ಎಂದು ಹೇಳಿ, ಗಂಟೆ ಹೊಡೆದದ್ದರಿಂದ ಸೀಮೆಸುಣ್ಣ ತೆಗೆದುಕೊಂಡು ತರಗತಿಗೆ ಹೋದರು.